ಭೂಸ್ವಾಮಿಯ ಆಟವೂ ಶುದ್ಧ ಬಂಡವಾಳ ಪದ್ಧತಿಯ ಮೇರೆಯೂ

ಚತುರಂಗದ ಹಾಸಿನ ಮೇಲೆ ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳುಂಟು. ರಾಜನೂ ಮಂತ್ರಿಯೂ ಉಂಟು. ಬೊಕ್ಕಸ ಮಾತ್ರ ಇಲ್ಲ. ಕೌಟಿಲ್ಯನು ಎಣಿಸಿದ ರಾಜ್ಯದ ಏಳು ಅಂಗಗಳಾದ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರಗಳಲ್ಲಿ ಆ ಆಟವು ಮುಖ್ಯವಾಗಿ ದಂಡವೊಂದನ್ನೇ ಅನುಕರಿಸುತ್ತದೆ. ಅಲ್ಲಿ ಕಾಲಾಳಿಗೆ ಸಂಬಳವಿಲ್ಲ, ಕುದುರೆಗೆ ಹುರುಳಿಯ ವೆಚ್ಚವಿಲ್ಲ. ಯಾವ ಆಟವಾದರೂ ಲೋಕವ್ಯವಹಾರದಲ್ಲಿ ಕೆಲವನ್ನು ಆರಿಸಿಕೊಂಡು ಉಳಿದುದನ್ನು ಕೈಬಿಡಲೇಬೇಕಾದುದರಿಂದ ಇದು ದೋಷವೆನಿಸಲಾರದು. ಆದರೆ ಕೈಬಿಟ್ಟುದು ಯಾವುದೆಂಬುದನ್ನು ಮರೆತು, ಆಟವನ್ನೇ ಲೋಕದ ಪ್ರತಿಬಿಂಬವೆಂದು ಹಿಡಿದಾಗ ಭ್ರಾಂತಿಯುಂಟಾಗುತ್ತದೆ. ಕೋಶವನ್ನೇ ವಸ್ತುವಾಗುಳ್ಳ ಆಧುನಿಕ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಮೊನೊಪೊಲಿ’ಯ ವಿಷಯದಲ್ಲಿ ಇಂತಹ ಭ್ರಾಂತಿಗಳು ಎರಡು. ಫಿಲಡೆಲ್ಫಿಯಾ ನಗರದ ಚಾರ್ಲ್ಸ್ ಡ್ಯಾರೋ ಎಂಬ ನಿರುದ್ಯೋಗಿಯು ಅದನ್ನು ಕಲ್ಪಿಸಿದನೆಂಬುದು ಒಂದು. ಅದು ನಿರಂಕುಶವಾದ ಬಂಡವಾಳ ಪದ್ಧತಿಯ ಯಥಾರ್ಥ ಚಿತ್ರವೆಂಬುದು ಮತ್ತೊಂದು. ಪರೀಕ್ಷಿಸಿದರೆ ಎರಡೂ ನಿಲ್ಲುವುದಿಲ್ಲ.

ಆಟದ ಮೂಲಕರ್ತೃ ಎಲಿಜಬೆತ್ ಮ್ಯಾಗಿ ಎಂಬಾಕೆ. 1866ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಜನಿಸಿದ ಈಕೆ ಶೀಘ್ರಲಿಪಿ ಲೇಖಕಿಯಾಗಿ ಜೀವಿಸುತ್ತಿದ್ದಳು. ಹೆನ್ರಿ ಜಾರ್ಜನ ಅನುಯಾಯಿನಿ. ಜಾರ್ಜನು 1879ರಲ್ಲಿ ಪ್ರಕಟಿಸಿದ ‘ಪ್ರಗತಿ ಮತ್ತು ದಾರಿದ್ರ್ಯ’ ಎಂಬ ಗ್ರಂಥದಲ್ಲಿ, ಊರು ಬೆಳೆದಂತೆ ನೆಲದ ಬೆಲೆಯು ಏರುವುದು ಸಮಸ್ತ ಜನರ ದುಡಿಮೆಯಿಂದಲೇ ಹೊರತು ಒಡೆಯನ ಶ್ರಮದಿಂದಲ್ಲ, ಆದಕಾರಣ ಆ ಏರಿಕೆಯ ಫಲವು ಏಕಕರದ ರೂಪದಲ್ಲಿ ಸಮಾಜಕ್ಕೇ ಸಲ್ಲಬೇಕು, ಉಳಿದ ತೆರಿಗೆಗಳು ಬೇಡ, ಎಂದು ವಾದಿಸಿದ್ದನು. ಈ ವಾದವನ್ನು ಓದಿ ಒಪ್ಪದವರು ಆಡಿ ಒಪ್ಪಲೆಂದು ಮ್ಯಾಗಿಯು ‘ಭೂಸ್ವಾಮಿಯ ಆಟ’ವನ್ನು ರಚಿಸಿ 1904ರ ಜನವರಿ 5ರಂದು ಪೇಟೆಂಟು ಪಡೆದಳು.

ಆ ಪೇಟೆಂಟಿನಲ್ಲಿರುವ ಹಾಸಿನ ವಿವರಣೆಯು ಗಮನಾರ್ಹವಾಗಿದೆ. ಚತುರಸ್ರದ ಅಂಚಿನ ಸುತ್ತ ಅಂಕಣಗಳು, ನಾಲ್ಕು ರೈಲುದಾರಿಗಳು, ಅನ್ನ, ಬಟ್ಟೆ, ವಸತಿಗಳೇ ಮೊದಲಾದ ಅತ್ಯಗತ್ಯ ವಸ್ತುಗಳ ಅಂಕಣಗಳು. ಒಂದು ಮೂಲೆಯಲ್ಲಿ ಸಾರ್ವಜನಿಕ ಉದ್ಯಾನ, ಅದರಲ್ಲಿಯೇ ದಿವಾಳಿಯೆದ್ದವರಿಗೆ ಅನಾಥಾಲಯ. ಮತ್ತೊಂದು ಮೂಲೆಯ ಒಡೆಯನು ಲಂಡನ್ನಿನ ‘ಲಾರ್ಡ್ ಬ್ಲೂಬ್ಲಡ್’ ಎಂಬ ಕಲ್ಪಿತ ಪ್ರಭು. ಅಲ್ಲಿ ಕಾಲಿಟ್ಟವನು ಅತಿಕ್ರಮ ಪ್ರವೇಶಕ್ಕಾಗಿ ಸೆರೆಮನೆಗೆ ಹೋಗಬೇಕು. ಅಮೆರಿಕದ ನೆಲಕ್ಕೆ ಪರದೇಶಿಯು ಒಡೆಯನಾಗಿರುವುದರ ಮೇಲಣ ವ್ಯಂಗ್ಯವಿದು. ಆಟವು ಹೊರಡುವ ಮೂಲೆಯು ಭೂಮಾತೆಯದು. ಅದನ್ನು ಹಾದುಹೋದಾಗಲೆಲ್ಲ ಆಟಗಾರನಿಗೆ 100 ಡಾಲರು ದೊರೆಯುವುದು, ಭೂಮಿಯ ಮೇಲೆ ದುಡಿದುದಕ್ಕೆ ಬಂದ ಕೂಲಿಯೆಂದೇ. ಇದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಹಾಸು ಒಂದೇ ಆದರೂ ನಿಯಮಗಳು ಎರಡು ಬಗೆ. ಮೊದಲನೆಯದರಲ್ಲಿ ಬಾಡಿಗೆಯು ಒಡೆಯನಿಗೆ ಸಲ್ಲುತ್ತದೆ. ನೆಲವುಳ್ಳವನು ಬೆಳೆಯುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಬರಿಗೈಯಾಗುತ್ತಾರೆ. ಎರಡನೆಯದರಲ್ಲಿ ನೆಲದ ಬಾಡಿಗೆಯು ಸಾರ್ವಜನಿಕ ಬೊಕ್ಕಸಕ್ಕೆ ಸಲ್ಲುತ್ತದೆ. ಆಕೆಯು ತರುವಾಯ ‘ಸಮೃದ್ಧಿ’ಯೆಂದು ಕರೆದ ಈ ನಿಯಮಾವಳಿಯಲ್ಲಿ ಎಲ್ಲರಿಗಿಂತಲೂ ಕಡಮೆ ಹಣದಿಂದ ಹೊರಟವನ ಹಣವು ಇಮ್ಮಡಿಯಾದಾಗ ಆಟವು ಮುಗಿದು, ಎಲ್ಲರೂ ಗೆದ್ದಂತಾಗುತ್ತದೆ. ಒಂದೇ ಸಂಜೆ ಒಂದೇ ಹಾಸಿನ ಮೇಲೆ ಎರಡನ್ನೂ ಆಡಿದವನಿಗೆ, ದಾರಿದ್ರ್ಯವು ದಾಳದಿಂದ ಬಂದುದಲ್ಲ, ನಿಯಮದಿಂದ ಬಂದುದು, ಎಂಬುದು ತಾನೇ ಹೊಳೆಯಲೆಂಬುದು ಆಕೆಯ ಉದ್ದೇಶವಾಗಿತ್ತು. ಇಷ್ಟು ಸ್ವಚ್ಛವಾದ ಉಪಪತ್ತಿಯು ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿಯೂ ವಿರಳ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಡೆಲವೇರಿನಲ್ಲಿ 1900ರಲ್ಲಿ ಏಕಕರವಾದಿಗಳು ಕಟ್ಟಿಕೊಂಡ ಆರ್ಡನ್ ಎಂಬ ಊರಿನಲ್ಲಿಯೂ ಕೆಲವು ವಿದ್ಯಾಲಯಗಳಲ್ಲಿಯೂ ಜನರು ಕೈಯಿಂದಲೇ ಹಾಸು ಬರೆದುಕೊಂಡು ಈ ಆಟವನ್ನು ಆಡುತ್ತಿದ್ದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮೂರಿನ ಬೀದಿಗಳ ಹೆಸರನ್ನು ಅದರಲ್ಲಿ ಸೇರಿಸಿದರು. ಆ ರೂಪವನ್ನೇ ಕಲಿತ ಡ್ಯಾರೋ ತನ್ನದೆಂದು ಮಾರಿದನು. 1935ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆಯು ಅದನ್ನು ಕೊಂಡಿತು. ಅದೇ ವರ್ಷ ಮ್ಯಾಗಿಯು 1924ರಲ್ಲಿ ಪಡೆದಿದ್ದ ಎರಡನೆಯ ಪೇಟೆಂಟನ್ನೂ ಆಕೆಗೆ 500 ಡಾಲರು ಕೊಟ್ಟು ಕೊಂಡಿತು. ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕನು 1973ರಲ್ಲಿ ‘ಆಂಟಿ-ಮೊನೊಪೊಲಿ’ ಎಂಬ ಆಟವನ್ನು ಹೊರತಂದು, ಹೆಸರಿನ ವಿಷಯದಲ್ಲಿ 1983ರವರೆಗೂ ನ್ಯಾಯಸ್ಥಾನಗಳಲ್ಲಿ ಹೋರಾಡಬೇಕಾಗಿ ಬಂದುದರಿಂದ ಈ ಪೂರ್ವೇತಿಹಾಸವು ಬೆಳಕಿಗೆ ಬಂದಿತು. 1935ರ ಪೆಟ್ಟಿಗೆಯಲ್ಲಿ ಮೊದಲನೆಯ ಬಗೆಯ ನಿಯಮಗಳ ಸಂತತಿ ಮಾತ್ರ ಉಳಿದಿತ್ತು. ಎರಡನೆಯ ಬಗೆಯು ಲೋಪವಾಗಿತ್ತು.

ಇನ್ನು ಎರಡನೆಯ ಭ್ರಾಂತಿ. ಮೊನೊಪೊಲಿಯ ನಿಯಮಗಳನ್ನು ಸೂಕ್ಷ್ಮವಾಗಿ ನೋಡಿದರೆ, ಶುದ್ಧ ಬಂಡವಾಳ ಪದ್ಧತಿಯು ಹಾಸಿನ ಮೇಲೆಯೂ ತನ್ನ ಕಾಲಿನ ಮೇಲೆ ತಾನು ನಿಲ್ಲಲಾರದೆಂಬುದು ಕಂಡುಬರುತ್ತದೆ. ಪ್ರತಿಯೊಬ್ಬನೂ 1,500 ಡಾಲರಿನಿಂದ ಹೊರಡುತ್ತಾನೆ, ಪಿತ್ರಾರ್ಜಿತದ ಹೆಚ್ಚುಕಡಮೆಯಿಲ್ಲ. ನೆಲ ಕೊಂಡ ಹಣ, ಮನೆ ಕಟ್ಟಿಸಿದ ಹಣ, ತೆರಿಗೆ ಇವೆಲ್ಲವೂ ಬ್ಯಾಂಕಿಗೆ ಹೋಗುತ್ತವೆ. ಆಟಗಾರರೊಳಗೆ ತಿರುಗುವುದು ಮುಖ್ಯವಾಗಿ ಬಾಡಿಗೆ. ಹೀಗಿರುವಾಗ ಹೊರಗಿನಿಂದ ಹಣ ಬರದಿದ್ದರೆ ಹಾಸು ಒಣಗಲೇಬೇಕು. ಅದಕ್ಕಾಗಿಯೇ ಸುತ್ತಿಗೊಮ್ಮೆ 200 ಡಾಲರು ಸಂಬಳವುಂಟು. ಭೂಮಾತೆಯ ಹೆಸರೂ ದುಡಿಮೆಯ ಹೆಸರೂ ಅಳಿಸಿಹೋದುವು. ಆ ಮೂಲೆಯಿಂದ ಬರುತ್ತಿದ್ದ ಹಣವನ್ನು ಮಾತ್ರ ಅಳಿಸಲಾಗಲಿಲ್ಲ. ಬ್ಯಾಂಕೋ ಎಂದಿಗೂ ದಿವಾಳಿಯಾಗದು. ನೋಟು ಮುಗಿದರೆ ಕಾಗದದ ಚೂರುಗಳ ಮೇಲೆ ಬರೆದು ಕೊಡಬಹುದೆಂದು ನಿಯಮವೇ ಹೇಳುತ್ತದೆ. ಅದಕ್ಕೆ ಲಾಭದ ಆಸೆಯಿಲ್ಲ, ಪಕ್ಷಪಾತವಿಲ್ಲ. ಮನೆಗಳು 32, ಹೋಟೆಲುಗಳು 12 ಮಾತ್ರವೆಂಬ ಮಿತಿಯನ್ನು ವಿಧಿಸಿದುದೂ ಪೇಟೆಯಲ್ಲ, ನಿಯಮ. ಇಷ್ಟೆಲ್ಲ ಆಧಾರಗಳಿದ್ದರೂ ಆಟವು ಉಳಿದವರೆಲ್ಲರ ದಿವಾಳಿಯಲ್ಲಿಯೇ ಕೊನೆಗಾಣುತ್ತದೆ. ಆಟದಲ್ಲಿ ಸೋತವನು ಎದ್ದು ಊಟಕ್ಕೆ ಹೋಗಬಹುದು. ಊರಿನಲ್ಲಿ ಸೋತವನು ಮರುದಿನವೂ ಅದೇ ಬೀದಿಯಲ್ಲಿ ಬದುಕಬೇಕು. ಎಷ್ಟೋ ಮನೆಗಳಲ್ಲಿ ತೆರಿಗೆಯ ಹಣವನ್ನು ಒಂದು ಮೂಲೆಯಲ್ಲಿ ಕೂಡಿಟ್ಟು, ಅಲ್ಲಿ ಬಂದಿಳಿದವನಿಗೆ ಕೊಡುವ ರೂಢಿಯುಂಟು. ಇದು ಮುದ್ರಿತ ನಿಯಮವಲ್ಲ. ಸೋಲುವವನನ್ನು ಕಂಡು ಮರುಗಿದವರು ಸೇರಿಸಿಕೊಂಡುದಿರಬೇಕು.

ಆಟಕ್ಕೆ ಹೊರಗಿನ ಕೈ ಬೇಕೆಂಬುದು ಹಳೆಯ ಅರಿವೇ. 1909ರಲ್ಲಿ ಆರ್. ಶಾಮಾಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಯಿಸಬೇಕೆಂದೂ, ಕವಡೆ ದಾಳಗಳನ್ನು ತಾನೇ ಒದಗಿಸಬೇಕೆಂದೂ, ಅವನ್ನು ಬದಲಿಸಿದವನಿಗೆ 12 ಪಣ ದಂಡವೆಂದೂ, ಗೆದ್ದುದರಲ್ಲಿ ನೂರಕ್ಕೆ 5 ರಾಜನಿಗೆ ಸಲ್ಲಬೇಕೆಂದೂ ವಿಧಿಯಿದೆ. ವರ್ತಕನ ಲಾಭಕ್ಕೂ ಅಲ್ಲಿ ಮೇರೆಯುಂಟು: ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ 10.

ಗಣಕಯಂತ್ರದ ಆಟಗಳಲ್ಲಿಯೂ ಇದೇ ತೊಡಕು ತಲೆದೋರಿದೆ. 1836ರಿಂದ 1936ರವರೆಗಿನ ಕಾಲವನ್ನು ಅನುಕರಿಸುವ ‘ವಿಕ್ಟೋರಿಯಾ 2’ (2010) ಎಂಬ ಸ್ವೀಡನ್ನಿನ ಆಟದಲ್ಲಿ ನಿರಂಕುಶ ವಾಣಿಜ್ಯದ ಪಕ್ಷವು ಅಧಿಕಾರದಲ್ಲಿದ್ದರೆ ಸರಕಾರವು ಕಾರ್ಖಾನೆಯನ್ನು ಕಟ್ಟುವಂತಿಲ್ಲ, ಮುಳುಗುವುದಕ್ಕೆ ಸಹಾಯಧನ ಕೊಡುವಂತೆಯೂ ಇಲ್ಲ. ಯಂತ್ರವು ನಡೆಯಿಸುವ ಬಂಡವಾಳಗಾರರು ಲಾಭವಿಲ್ಲದ ಕಾರ್ಖಾನೆಗಳನ್ನು ಕಟ್ಟಿ ಮುಚ್ಚುವುದನ್ನು ನೋಡಿ ಬೇಸತ್ತ ಆಟಗಾರರು ಬೇರೆ ಪಕ್ಷವನ್ನು ಬಯಸುವುದುಂಟು. 2003ರಲ್ಲಿ ಐಸ್‌ಲೆಂಡಿನಿಂದ ಹೊರಟ ‘ಈವ್ ಆನ್‌ಲೈನ್’ ಆಟದ ಪೇಟೆಯನ್ನು ಬಹುಮಟ್ಟಿಗೆ ಆಟಗಾರರೇ ನಡೆಯಿಸುತ್ತಾರೆ. ಅಲ್ಲಿಯೂ ಹಣವು ಆಟವು ಕೊಡುವ ಬಹುಮಾನಗಳಿಂದ ಹುಟ್ಟಿ, ಸುಂಕ ತೆರಿಗೆಗಳಲ್ಲಿ ಲಯವಾಗುತ್ತದೆ. ಈ ವ್ಯವಹಾರವನ್ನು ಪರಿಶೀಲಿಸಲು 2007ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞನನ್ನೇ ನೇಮಿಸಿಕೊಳ್ಳಲಾಯಿತು.

ಮ್ಯಾಗಿಯು 1948ರಲ್ಲಿ ತೀರಿಕೊಂಡಳು. ಅದಕ್ಕೆ 8 ವರ್ಷ ಮೊದಲು ನಡೆದ ಅಮೆರಿಕದ ಜನಗಣತಿಯಲ್ಲಿ ಆಕೆಯ ಉದ್ಯೋಗದ ಸ್ಥಾನದಲ್ಲಿ ಆಟಗಳನ್ನು ರಚಿಸುವವಳೆಂದು ಬರೆದಿದೆ. ಆದಾಯದ ಸ್ಥಾನದಲ್ಲಿ ಸೊನ್ನೆಯಿದೆ.