ಕೋಟೆ ಹೋದರೂ ಹೆಸರು ಉಳಿಯಿತು

ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪಕ್ಕೆ ಹೋಗುವ ಪ್ರವಾಸಿಗರಲ್ಲಿ ಅನೇಕರು ಕಡಲತೀರವನ್ನೂ ಪಲೆರ್ಮೊ ನಗರವನ್ನೂ ನೋಡಿ ಮರಳುತ್ತಾರೆ. ಆದರೆ ಆ ದ್ವೀಪದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಒಳನಾಡಿನ ಬೆಟ್ಟಗಳಲ್ಲಿ, ಅಲ್ಲಿನ ಊರುಗಳ ಹೆಸರುಗಳಲ್ಲಿ ಅಡಗಿದೆ.

ಕ್ರಿ.ಶ. 827ರಲ್ಲಿ ಉತ್ತರ ಆಫ್ರಿಕಾದ ಅಗ್ಲಬಿ ಅರಸರ ಸೈನ್ಯ ಸಿಸಿಲಿಯಲ್ಲಿ ಬಂದಿಳಿಯಿತು. 1091ರ ಹೊತ್ತಿಗೆ ನಾರ್ಮನ್ನರು ಇಡೀ ದ್ವೀಪವನ್ನು ಗೆದ್ದರು. ಗೆದ್ದವರು ಅರಬಿ ವಿದ್ವಾಂಸರನ್ನು ದೂರವಿಡಲಿಲ್ಲ. ದೊರೆ ಎರಡನೆಯ ರೋಜರನ ಆಸ್ಥಾನದಲ್ಲೇ ಅಲ್ ಇದ್ರೀಸಿ 1154ರಲ್ಲಿ ತನ್ನ ಪ್ರಸಿದ್ಧ ಭೂಗೋಳ ಗ್ರಂಥವನ್ನು ಮುಗಿಸಿದ. ಆದರೆ ಈ ಸೌಹಾರ್ದ ಬಹುಕಾಲ ಬಾಳಲಿಲ್ಲ. 13ನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಒಳನಾಡಿನ ಮುಸ್ಲಿಮರನ್ನು ಅವರ ಊರುಗಳಿಂದ ಎಬ್ಬಿಸಿ ಇಟಲಿಯ ಲುಚೇರಾ ಪಟ್ಟಣಕ್ಕೆ ಸಾಗಿಸಿದ. ಜನ ಹೋದರು, ಹೆಸರುಗಳು ಉಳಿದವು. ಕಲ್ತಜಿರೋನೆ, ಕಲ್ತನಿಸ್ಸೆತ್ತ, ಕಲ್ತಬೆಲ್ಲೊತ್ತ ಎಂಬ ಊರುಗಳ ಹೆಸರಿನ ಮೊದಲ ಭಾಗ ಅರಬಿಯ 'ಕಲ್‌ಅತ್', ಅಂದರೆ ಕೋಟೆ. ಕಲ್ತಬೆಲ್ಲೊತ್ತ ಎಂದರೆ ಓಕ್ ಮರಗಳ ಕೋಟೆ. ತೋಟದ ನೀರಿನ ತೊಟ್ಟಿಗೆ ಸಿಸಿಲಿಯ ರೈತರು ಹೇಳುವ 'ಜೆಬ್ಬಿಯಾ' ಕೂಡ ಅರಬಿಯಿಂದ ಬಂದ ಮಾತೇ.

ಇದೇ 'ಕಲ್‌ಅ' ಎಂಬ ಪದ ಫಾರಸಿಯ ದಾರಿಯಿಂದ ನಮ್ಮಲ್ಲಿಗೂ ಬಂದು 'ಕಿಲ್ಲಾ' ಆಯಿತು. ಹಳೆಯ ಬಾಗಲಕೋಟೆಯ ಒಂದು ಭಾಗಕ್ಕೆ ಕಿಲ್ಲಾ ಎಂದೇ ಹೆಸರು. ಪಟ್ಟಣದ ಹೆಸರಿನಲ್ಲೂ ಕೋಟೆಯಿದೆ. ಹಾಗಾದರೆ ನಮ್ಮ ಈ ಒಳನಾಡಿನ ಹೆಸರುಗಳು ಏನು ಹೇಳುತ್ತವೆ ಎಂದು ಒಮ್ಮೆ ಕೇಳಿ ನೋಡೋಣ.

ಬಾದಾಮಿಯಿಂದಲೇ ಆರಂಭಿಸೋಣ. ಅಲ್ಲಿನ ಬಂಡೆಯ ಮೇಲಿನ ಕ್ರಿ.ಶ. 543ರ ಶಾಸನ ಒಂದನೆಯ ಪುಲಿಕೇಶಿ ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದ್ದನ್ನು ಹೇಳುತ್ತದೆ. ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, 578ರಲ್ಲಿ ಪೂರ್ಣವಾಯಿತು. ಇವೆಲ್ಲ ಅರಸರ ಹೆಸರುಗಳು. ಆದರೆ ಅಗಸ್ತ್ಯ ತೀರ್ಥವನ್ನು ಬಿಟ್ಟು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಕಾಲುದಾರಿ ಹಿಡಿದರೆ ಸಿಡಿಲಫಡಿ ಸಿಗುತ್ತದೆ. ಅದು ಆದಿಮಾನವ ಚಿತ್ರ ಬರೆದ ಕಲ್ಲಾಸರೆ. ಸಿಡಿಲು ಬಡಿದು ಬಂಡೆ ತೂತಾಯಿತೆಂಬ ನಂಬಿಕೆಯಿಂದ ಆ ಹೆಸರು ಬಂದಿದೆ. ಯಾವ ಅರಸನೂ ಇಟ್ಟ ಹೆಸರಲ್ಲ ಅದು. ಮಳೆ, ಗುಡುಗು, ಬಂಡೆಗಳನ್ನು ಕಂಡು ಬದುಕಿದ ಜನರ ಬಾಯಲ್ಲಿ ಹುಟ್ಟಿದ್ದು. ಸಿಸಿಲಿಯ ಊರು ಓಕ್ ಮರವನ್ನು ನೆನಪಿಟ್ಟುಕೊಂಡಂತೆ ಈ ಗುಡ್ಡ ಸಿಡಿಲನ್ನು ನೆನಪಿಟ್ಟುಕೊಂಡಿದೆ.

ಹುನಗುಂದ ಸೀಮೆಯ ಐಹೊಳೆಗೆ ಬಂದರೆ ಹೆಸರುಗಳ ಜಾತ್ರೆಯೇ ಇದೆ. ಮೇಗುಟಿಯ ಮೇಲೆ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಿಕೇಶಿಯ ಕೀರ್ತಿಯನ್ನು ಸಂಸ್ಕೃತದಲ್ಲಿ ಕೆತ್ತಿಸಿದ. ಮುಂದೆ ಈ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತವನ್ನೆಲ್ಲ ಸುತ್ತಿ ಕಡಲಾಚೆಯ ಸುಮಾತ್ರಾದವರೆಗೂ ವ್ಯಾಪಾರ ನಡೆಸಿತು. ಆದರೆ ಗುಡಿಗಳ ಹೆಸರು ನೋಡಿ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನ್ ಗುಡಿ. ಕಟ್ಟಿಸಿದವರ ಹೆಸರೂ ಇಲ್ಲ, ಮೂಲ ದೇವರ ಹೆಸರೂ ಇಲ್ಲ. ದುರ್ಗ ಗುಡಿಯೂ ದುರ್ಗಾದೇವಿಯದಲ್ಲ. ಶಾಸನದ ಪ್ರಕಾರ ಅದು ಸೂರ್ಯನಿಗೆ ಸಂದ ಗುಡಿ. ಪಕ್ಕದಲ್ಲಿ ಕೋಟೆಯಿದ್ದ ಕಾರಣ ಜನ ಅದನ್ನು ದುರ್ಗದ ಗುಡಿ ಎಂದರು. ಇಲ್ಲಿಯೂ ಕೋಟೆಯೇ.

ಪೂಜೆ ನಿಂತ ಮೇಲೆ ಶತಮಾನಗಳ ಕಾಲ ಈ ಕಲ್ಲಿನ ಗುಡಿಗಳಿಗೆ ಹೊಂದಿಕೊಂಡೇ ಊರು ಬೆಳೆಯಿತು. ಕೆಲವು ಗುಡಿಗಳಲ್ಲಿ ಜನ ವಾಸವನ್ನೂ ಮಾಡಿದರು. ಹಾಗೆ ವಾಸವಿದ್ದ ಒಬ್ಬ ಮುಸ್ಲಿಮನ ಹೆಸರೇ ಲಾಡಖಾನ್. ಚಪ್ಪಡಿಗಳ ಸಂದಿಗೆ ಮರದ ಪಟ್ಟಿಯಂತೆ ಉದ್ದನೆಯ ಕಲ್ಲು ಹೊದಿಸಿದ ಆ ಚಾವಣಿಯ ಬಗೆಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಐದನೆಯ ಶತಮಾನದ್ದೆಂದು ಮೊದಲು ಎಣಿಸಿದ್ದನ್ನು ಈಗ ಏಳು-ಎಂಟನೆಯ ಶತಮಾನದ್ದೆನ್ನುತ್ತಾರೆ. ಕಾಲ ಬದಲಾಯಿತು, ಹೆಸರು ಬದಲಾಗಲಿಲ್ಲ. ಲಾಡಖಾನನ ಹೆಸರನ್ನು ಗುಡಿಯ ಮೇಲೆ ಉಳಿಸಿದವರು ಅವನ ಜೊತೆ ಬಾಳಿದ ಊರಿನವರು. ಅವರಿಗೆ ಅದು ಒಬ್ಬ ನೆರೆಯವನ ಮನೆ, ಅಷ್ಟೇ. ಇಂದು ಹೆಸರು ಬದಲಿಸುವ ಮಾತು ಎಲ್ಲೆಡೆ ಕೇಳಿಬರುವಾಗ ಆ ಹಳ್ಳಿಗರ ನಿರಾತಂಕ ಮನಸ್ಸು ನಮಗೆ ದೊಡ್ಡದಾಗಿ ಕಾಣುತ್ತದೆ.

ಇಳಕಲ್ಲಿನಲ್ಲಿ ಇದೇ ನೆನಪು ಬಟ್ಟೆಗೆ ಏರಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ಅಂಚಿನ ವಿನ್ಯಾಸಗಳಲ್ಲಿ ಒಂದು ಹಣಿಗೆ, ಒಂದು ಜೋಳದ ತೆನೆ, ಒಂದು ಬೆಟ್ಟದ ಸಾಲು, ಮತ್ತೊಂದು ಕೋಟೆಯ ತೆನೆಗೋಡೆ. ಮನೆ, ಹೊಲ, ಗುಡ್ಡ, ಕೋಟೆ. ಈ ಒಳನಾಡಿನ ಬದುಕೆಲ್ಲ ಒಂದು ಸೆರಗಿನಲ್ಲಿದೆ. ಅದನ್ನು ನೇಯುವ, ಮಾರುವ, ಉಡುವ ಕೈಗಳು ಒಂದೇ ಜಾತಿ, ಮತದವಲ್ಲ.

ಇನ್ನು ಬಾಗಲಕೋಟೆ. ಶಾಸನಗಳಲ್ಲಿ ಬಾಗಡಗೆ ಎಂದಿದ್ದ ಈ ಊರು ಘಟಪ್ರಭೆಯ ದಡದಲ್ಲಿದೆ. ಆಲಮಟ್ಟಿ ಜಲಾಶಯದ ಹಿನ್ನೀರು ಅದರ ಬಹುಭಾಗವನ್ನು ಆವರಿಸಿತು. ನೀರಿಗೆ ಮನೆ ಬಿಟ್ಟುಕೊಟ್ಟವರಿಗೆ ನವನಗರ ಕಟ್ಟಲಾಯಿತು. ಅಗಲವಾದ ರಸ್ತೆಗಳಾದವು, ನಿವೇಶನಗಳಾದವು, ಆದರೆ ಓಣಿಗಳ ಜಾಗದಲ್ಲಿ ಸೆಕ್ಟರುಗಳು ಬಂದವು. ಸೆಕ್ಟರಿಗೆ ಅಂಕಿಯಿದೆ, ನೆನಪಿಲ್ಲ. ಹೋಳಿಯ ದಿನಗಳಲ್ಲಿ ಮಾತ್ರ ಹಳೆಯ ಓಣಿಗಳ ಹೆಸರು ಮತ್ತೆ ಮೇಲೆ ಬರುತ್ತದೆ, ಬಣ್ಣದ ಬಂಡಿಗಳು ಓಣಿಯ ಹೆಸರಿನಲ್ಲೇ ಹೊರಡುತ್ತವೆ.

ಈ ಕಥೆ ಮುಗಿದಿಲ್ಲ. ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲಾಗುತ್ತಿದೆ. ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಸಮ್ಮತಿಸಿದೆ. ಆ ಎತ್ತರಕ್ಕೆ ನೀರು ಬಂದರೆ ಇನ್ನಷ್ಟು ಹಳ್ಳಿಗಳು, ಇನ್ನಷ್ಟು ಓಣಿಗಳು ಏಳಬೇಕು. ಐಹೊಳೆಯಲ್ಲೂ ಸ್ಮಾರಕಗಳಿಗಾಗಿ ಊರನ್ನು ಸ್ಥಳಾಂತರಿಸುವ ಮಾತು ಬಹಳ ವರ್ಷಗಳಿಂದ ನಡೆದಿದೆ. ಬರದ ನಾಡಿಗೆ ನೀರು ಬೇಕು, ಗುಡಿಗಳಿಗೆ ರಕ್ಷಣೆ ಬೇಕು, ಇದನ್ನು ಯಾರೂ ಅಲ್ಲಗಳೆಯಲಾರರು. ಸಿಸಿಲಿಯ ದೊರೆಯಂತೆ ಇಲ್ಲಿ ಯಾರೂ ಮತ ನೋಡಿ ಜನರನ್ನು ಎಬ್ಬಿಸುತ್ತಿಲ್ಲ ಎಂಬುದೂ ನಿಜ. ಆದರೆ ಪರಿಹಾರದ ಲೆಕ್ಕದಲ್ಲಿ ಎಕರೆ ಇರುತ್ತದೆ, ಗೋಡೆ ಇರುತ್ತದೆ, ಮರ ಇರುತ್ತದೆ. ಹೆಸರಿಗೆ ಕಾಲಮು ಇರುವುದಿಲ್ಲ.

ಆದುದರಿಂದ ನಮ್ಮ ಕೋರಿಕೆ ಚಿಕ್ಕದು. ಊರು ಏಳುವ ಮೊದಲು ಅದರ ಓಣಿ, ಬಾವಿ, ಗುಡಿ, ದರ್ಗಾ, ಹೊಲ, ಹಳ್ಳಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಶಾಲೆಯ ಮಕ್ಕಳೇ ಈ ಕೆಲಸ ಮಾಡಬಲ್ಲರು, ಗ್ರಾಮ ಪಂಚಾಯಿತಿಯಲ್ಲಿ ಒಂದು ದಫ್ತರು ಸಾಕು. ಹೊಸ ಊರಿನ ಬೀದಿಗಳಿಗೆ ಅಂಕಿಯ ಜೊತೆಗೆ ಆ ಹೆಸರುಗಳನ್ನೂ ಇಡಬೇಕು. ಸಿಸಿಲಿಯಲ್ಲಿ ಜನ ಹೋದರೂ ಊರು ಅಲ್ಲೇ ಇತ್ತು, ಹೆಸರಿಗೆ ನಿಲ್ಲಲು ನೆಲವಿತ್ತು. ನಮ್ಮಲ್ಲಿ ನೆಲವೇ ನೀರಿನಡಿ ಹೋಗುತ್ತದೆ. ಹೆಸರುಗಳನ್ನು ಜನರೇ ಹೊತ್ತು ತರಬೇಕು.