ನಂಜೇ ಮದ್ದಾದ ಬಗೆ

ಓದುಗರೇ, ನಂಜನಗೂಡಿನ ಹೆಸರನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ನಂಜನ್ನು ಉಂಡವನ ನೆಲೆ ಅದು. ಟೀಪುವಿನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿ ವಾಸಿಯಾಗಿ, ದೇವರಿಗೆ ಹಕೀಮ ನಂಜುಂಡನೆಂಬ ಹೆಸರು ಬಂದಿತೆಂದು ಪ್ರತೀತಿ. ಕಪಿಲೆಯ ಜಾಡು ಹಿಡಿದು ತಿರುಮಕೂಡಲು ನರಸೀಪುರಕ್ಕೆ ಇಳಿದರೆ ಅಲ್ಲಿ ಗುಂಜಾ ನರಸಿಂಹಸ್ವಾಮಿ. ಗುಂಜೆಯೆಂದರೆ ಗುಲಗಂಜಿ, ಅಕ್ಕಸಾಲಿಗನಿಗೆ ಚಿನ್ನದ ತೂಕ, ಅರೆದು ನುಂಗಿದವನಿಗೆ ಕಡುವಿಷ. ಲ್ಯಾಟಿನ್ ಭಾಷೆಯ ‘ವೈರಸ್’ ಎಂಬ ಮಾತಿಗೂ ನಂಜೆಂದೇ ಅರ್ಥ. ಅಂಥದೊಂದು ನಂಜು ನಮ್ಮ ಸೀಮೆಗೆ ಮದ್ದಾಗಿ ಬಂದು 200 ವರ್ಷ ಮೀರಿತು. ಈಗ ಅದನ್ನು ಕರುಳಿನ ಕ್ಯಾನ್ಸರಿನ ಮೇಲೆ ಪ್ರಯೋಗಿಸುತ್ತಿದ್ದಾರೆ.

ಹಸುವಿನ ಮೈಲಿಯ ಕೀವು ಮನುಷ್ಯರ ಸಿಡುಬನ್ನು ತಡೆಯಬಲ್ಲುದೆಂದು 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ತೋರಿಸಿದನು. 1802ರಲ್ಲಿ ಆ ಲಸಿಕೆ ಮುಂಬಯಿಯನ್ನು ಮುಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೂವರು ಸ್ತ್ರೀಯರ ವರ್ಣಚಿತ್ರವೊಂದಿದೆ. ಅವರಲ್ಲೊಬ್ಬಳು ಸೆರಗು ಸರಿಸಿ ತೋಳು ತೋರುತ್ತಾಳೆ. ಈಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಮೈಲಿ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜಲ್ ಚಾನ್ಸಲರರ ಅಭಿಪ್ರಾಯ. ಅಮ್ಮನ ಮುನಿಸೆಂದು ಬೇವಿನ ಸೊಪ್ಪು ಕಟ್ಟುತ್ತಿದ್ದ ಪ್ರಜೆಗಳ ಮುಂದೆ ಅಂತಃಪುರದವರೇ ತೋಳೊಡ್ಡಿದ್ದು ಸಾಮಾನ್ಯ ಸಂಗತಿಯೇ? ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ಆ ದುಂಡು ಕಲೆಯನ್ನು ಈಗಲೂ ಕಾಣಬಹುದು. ಭಾರತದಲ್ಲಿ ಕಟ್ಟಕಡೆಯ ಸಿಡುಬು ಕಂಡದ್ದು 1975ರಲ್ಲಿ. ಲೋಕದಿಂದಲೇ ಅದು ತೊಲಗಿತೆಂದು 1980ರಲ್ಲಿ ಸಾರಲಾಯಿತು.

ಲಸಿಕೆಗೆಂದು ಬೆಳೆಸುತ್ತ ಬಂದ ವೈರಸ್ಸಿಗೆ ವ್ಯಾಕ್ಸೀನಿಯ ಎಂದು ಹೆಸರು. ಅದನ್ನು ಬಿಸುಡದೆ ವಿಜ್ಞಾನಿಗಳು ಅದರ ಒಂದು ಜೀನನ್ನು ಕಿತ್ತರು. ಆ ಜೀನಿಲ್ಲದ ವೈರಸ್ ಸುಮ್ಮನಿರುವ ಕೋಶದೊಳಗೆ ಚೆನ್ನಾಗಿ ಹೆಚ್ಚಲಾರದು. ಎಡೆಬಿಡದೆ ಇಬ್ಭಾಗವಾಗುವ ಕ್ಯಾನ್ಸರ್ ಕೋಶದಲ್ಲಾದರೋ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಸಿದ್ಧವಾಗಿರುತ್ತದೆ. ಅಲ್ಲಿ ಬೆಳೆದು ಕೋಶವನ್ನೇ ಒಡೆಯುತ್ತದೆ. ಒಡೆದ ಚೂರುಗಳಿಂದ ದೇಹದ ಕಾವಲು ಪಡೆಯೂ ಎಚ್ಚರಗೊಳ್ಳುತ್ತದೆ. ಆ ಪಡೆಯನ್ನು ಕೂಗಿ ಕರೆಯುವ ಮತ್ತೊಂದು ಜೀನನ್ನೂ ಸೇರಿಸಿದ್ದಾರೆ.

ಕೊರಿಯಾದಲ್ಲಿ ನಡೆದ ಪರೀಕ್ಷೆಯ ವರದಿ 2015ರಲ್ಲಿ ಪ್ರಕಟವಾಯಿತು. ಬೇರೆ ಔಷಧಿಗೆ ಬಗ್ಗದ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 15 ಮಂದಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟಿದ್ದರು. 10 ಮಂದಿಯಲ್ಲಿ ಗಡ್ಡೆ ಬೆಳೆಯದೆ ಕೆಲಕಾಲ ನಿಂತಿತು. ಆದರೆ ಯಾರಲ್ಲಿಯೂ ಗಣನೀಯವಾಗಿ ಕುಗ್ಗಲಿಲ್ಲ. ಮೊದಲ ಮಾತನ್ನಷ್ಟೇ ಹೇಳಿ ಆಸೆ ಹುಟ್ಟಿಸುವವರು ಸಿಕ್ಕಾರು, ಎರಡನೆಯದನ್ನೂ ಕೇಳಿ ತಿಳಿಯಿರಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಿ ಕೂರಬೇಡಿ. ಬೇಗ ಕಂಡುಹಿಡಿದರೆ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವ ರೋಗ ಇದು. ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಹರ್ಪಿಸ್ ವೈರಸ್ಸಿನ ಮದ್ದನ್ನು ಅಮೆರಿಕ 2015ರಲ್ಲಿ ಒಪ್ಪಿತು. ಕರುಳಿನ ಕ್ಯಾನ್ಸರಿಗೆ ಅಂಥ ಒಪ್ಪಿಗೆ ಯಾವ ವೈರಸ್ಸಿಗೂ ಇನ್ನೂ ದೊರೆತಿಲ್ಲ.