ತಾತ್ಕಾಲಿಕ ಇಮೇಲ್ ವಿಳಾಸ

ಖಾತೆ ದೃಢೀಕರಣದಂಥ ಒಂದೇ ಕೆಲಸಕ್ಕೆ ಬಳಸಿ ಕೈಬಿಡುವ ಇಮೇಲ್ ವಿಳಾಸ. ಅನಗತ್ಯ ಜಾಹೀರಾತು ಮೇಲ್‌ಗಳಿಂದ ಪಾರಾಗಲು ಜನ ಬಳಸುತ್ತಿದ್ದ ಈ ಸೌಲಭ್ಯವನ್ನು ಈಗ ಎಐ ಏಜೆಂಟ್‌ಗಳೂ ಬಳಸುತ್ತವೆ.

ಹಿನ್ನೆಲೆ: ಬ್ರೌಸರ್‌ನಲ್ಲೇ ಉಚಿತ ಇಮೇಲ್ ಖಾತೆ ತೆರೆಯುವುದನ್ನು ಜನಪ್ರಿಯಗೊಳಿಸಿದ್ದು ಹಾಟ್‌ಮೇಲ್ (1996). ಅದನ್ನು ಸ್ಥಾಪಿಸಿದವರು ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್. 2003ರಲ್ಲಿ ಬಂದ ಮೇಲಿನೇಟರ್ ಎಂಬ ತಾತ್ಕಾಲಿಕ ಇಮೇಲ್ ಸೇವೆಯ ಸಾರ್ವಜನಿಕ ಅಂಚೆಪೆಟ್ಟಿಗೆಗೆ ನೋಂದಣಿಯೂ ಬೇಡ, ಪಾಸ್‌ವರ್ಡೂ ಬೇಡ.

ಕಾರ್ಯವಿಧಾನ: ಏಜೆಂಟ್ ಎಪಿಐ (ತಂತ್ರಾಂಶಗಳು ಪರಸ್ಪರ ಸಂವಹಿಸುವ ಮಾರ್ಗ) ಮೂಲಕ ವಿಳಾಸ ಪಡೆದು ಜಾಲತಾಣಕ್ಕೆ ಕೊಡುತ್ತದೆ. ಜಾಲತಾಣ ಕಳಿಸುವ ಮೇಲ್, ಆ ವಿಳಾಸದ ಡೊಮೇನ್‌ನ ಎಂಎಕ್ಸ್ ದಾಖಲೆ ಸೂಚಿಸುವ ಸರ್ವರ್‌ಗೆ ತಲುಪುತ್ತದೆ. ಅದರಲ್ಲಿರುವ ದೃಢೀಕರಣ ಕೋಡನ್ನು ಏಜೆಂಟ್ ಆಯ್ದು ನಮೂನೆಯಲ್ಲಿ ತುಂಬುತ್ತದೆ. ಅವಧಿ ಮುಗಿದ ಮೇಲೆ ಪೆಟ್ಟಿಗೆ ಅಳಿಯುತ್ತದೆ.

ಎಚ್ಚರಿಕೆ: ಸಾರ್ವಜನಿಕ ಪೆಟ್ಟಿಗೆಯನ್ನು ವಿಳಾಸ ಗೊತ್ತಿರುವ ಯಾರು ಬೇಕಾದರೂ ಓದಬಹುದು. ಪಾಸ್‌ವರ್ಡ್ ಬದಲಿಸುವ ಕೊಂಡಿ ಅಲ್ಲಿಗೆ ಬಂದರೆ ಖಾತೆಯೇ ಕೈತಪ್ಪಬಹುದು. ಬ್ಯಾಂಕ್, ಆಸ್ಪತ್ರೆ, ಸರ್ಕಾರಿ ಸೇವೆಗಳಿಗೆ ಇದನ್ನು ಬಳಸಲೇಬಾರದು. ಮೇಲ್‌ನಲ್ಲಿ ಅಡಗಿಸಿಟ್ಟ ಆದೇಶಗಳು ಏಜೆಂಟನ್ನು ದಾರಿ ತಪ್ಪಿಸಬಲ್ಲವು. ಆದ್ದರಿಂದ ಏಜೆಂಟ್‌ಗೆ ತಾತ್ಕಾಲಿಕ ವಿಳಾಸ ಒದಗಿಸುವ ಸಾಧನದ ಕೈಪಿಡಿಯಲ್ಲಿ ಪೆಟ್ಟಿಗೆಯ ಅವಧಿ, ಓದುವ ಹಕ್ಕು ಯಾರದು, ಯಾವ ಹಂತದಲ್ಲಿ ಮನುಷ್ಯರ ಒಪ್ಪಿಗೆ ಬೇಕು ಎಂಬುದು ಸ್ಪಷ್ಟವಾಗಿರಬೇಕು.